ಎರಡು ಮನೆಯ ಅಜ್ಜಿ — ಕಂತು ಐದು: ಕಪ್ಪು ದಾರ

"ಹಾಸಿಗೆ ಮೇಲೆ ಕೂರಬೇಡಿ ಮಾವ," ಎಂದಳು ಇಣುಕಮ್ಮ.

ಅರ್ಧಕ್ಕೆ ಬಗ್ಗಿದ್ದ ಸೋದರಮಾವ ಹಾಗೆಯೇ ನಿಂತರು. "ಮೊದಲೇ ಹೇಳೋಕೇನಾಗಿತ್ತು ಪುಟ್ಟಿ? ಸೊಂಟ ಈಗ ಮೇಲೂ ಬರ್ತಿಲ್ಲ, ಕೆಳಗೂ ಹೋಗ್ತಿಲ್ಲ."

"ಗೋಡೆ ಹಿಡ್ಕೊಳ್ಳಿ. ಮಂಚ ಮಾತ್ರ ಮುಟ್ಟಬೇಡಿ."

ಕನ್ನಡಕದಂಗಡಿಯ ಹಿಂಭಾಗದ ಆ ಕೋಣೆ ಅಜ್ಜಿಯದು. ಒಂದು ಮಂಚ, ಒಂದು ಟ್ರಂಕು, ಕಿಟಕಿಯ ಕಟ್ಟೆಯ ಮೇಲೆ ದಾರದ ಉಂಡೆಗಳು, ಹಿತ್ತಲಿಗೆ ತೆರೆಯುವ ಒಂದು ಬಾಗಿಲು. ಅಜ್ಜಿ ಪೇಟೆಗೆ ಹೋಗಿದ್ದರು. ಅವರು ಬರುವುದರೊಳಗೆ ನೋಡಿ ಮುಗಿಸಬೇಕು ಎಂಬುದು ಅಜ್ಜಿಯ ಸೊಸೆಯ ಷರತ್ತು; ಇವರನ್ನು ಕರೆಸಿದ್ದು ಅವಳೇ. ಅವಳು ಬಾಗಿಲಲ್ಲಿ ನಿಂತು ಒಂದು ಕಣ್ಣನ್ನು ಒಳಗೆ, ಇನ್ನೊಂದನ್ನು ಬೀದಿಗೆ ಇಟ್ಟಿದ್ದಳು.

ಆಗಿದ್ದು ಇಷ್ಟು: ಈ ಮನೆಗೆ ಬರಬೇಕಿದ್ದ ತೆರಿಗೆ ಮರುಪಾವತಿ ನಿಂತುಹೋಗಿತ್ತು. ಇದೇ ಅಜ್ಜಿಯನ್ನು ಇನ್ಯಾರೋ ತಮ್ಮ ಮನೆಯ ಆಶ್ರಿತರೆಂದು ಬರೆದುಕೊಟ್ಟಿದ್ದರು. ಯಾರೆಂದು ಇಲಾಖೆ ಬಾಯಿ ಬಿಡುತ್ತಿರಲಿಲ್ಲ.

"ನನಗಿನ್ನೂ ತಲೆಗೆ ಹೋಗ್ತಿಲ್ಲ ಸಾರ್," ಎಂದಳು ಸೊಸೆ, ಸೋದರಮಾವನ ಕಡೆ ತಿರುಗಿ. "ಹೋದ ವರ್ಷದವರೆಗೂ ಅತ್ತೆ ಹೆಸರನ್ನ ನಾವೂ ಬರೀತಿದ್ವಿ, ನಮ್ಮ ನಾದಿನಿನೂ ಬರೀತಿದ್ದಳು. ಯಾರೂ ಕಮಕ್ ಕಿಮಕ್ ಅನ್ನಲಿಲ್ಲ."

ಸೋದರಮಾವ ತೆರಿಗೆ ಕಚೇರಿಯಿಂದ ನಿವೃತ್ತರಾದವರು. ಯಾರಾದರೂ ಕಾನೂನು ಕೇಳಿದರೆ ಸೊಂಟನೋವು ಮರೆಯುತ್ತಿದ್ದರು.

"ಹೋದ ವರ್ಷದವರೆಗೆ ಅದು ಹಂಚ್ಕೊಂಡು ತಿನ್ನೋ ಕೇಕು ಕಣಮ್ಮ. ಯಾರ್‍ಯಾರು ಸಾಕ್ತೀವಿ ಅಂತಾರೋ ಎಲ್ಲರಿಗೂ ಒಂದೊಂದು ಚೂರು. ಈ ವರ್ಷ ಕೇಕು ದೊಡ್ಡದು ಮಾಡಿದ್ರು, ಆದ್ರೆ ಒಬ್ರಿಗೇ ಅಂದ್ರು. ಹಿರಿಯರು ವರ್ಷದ ಅರ್ಧಕ್ಕಿಂತ ಹೆಚ್ಚು ರಾತ್ರಿ ಯಾವ ಮನೇಲಿ ಮಲಗ್ತಾರೋ ಆ ಮನೆಯವರಿಗೆ. ಒಬ್ರಿಗೇ ಅಂದ ಕೂಡ್ಲೇ ಚಾಕು ಹೊರಗೆ ಬರುತ್ತೆ, ಅದು ಲೋಕರೂಢಿ."

"ಇಬ್ಬರು ಕೇಳಿದ್ರೆ?"

"ಇಬ್ಬರದೂ ತಡೆ ಹಿಡೀತಾರೆ. ಯಾರದು ಸುಳ್ಳು ಅಂತ ಆಗುತ್ತೋ ಅವರು ದಂಡ ಕಟ್ಟಬೇಕು."

"ದೊಡ್ಡ ರಿಯಾಯಿತಿ ಬರುತ್ತೆ ಅಂತ ನಂಬ್ಕೊಂಡು ನಾವು ವರ್ಷ ಪೂರ್ತಿ ಮುಂಗಡ ತೆರಿಗೇನೂ ಕಮ್ಮಿ ಕಟ್ಟಿದೀವಿ."

ಸೋದರಮಾವ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಬರೋದು ನಿಲ್ಲೋದಷ್ಟೇ ಅಲ್ಲ. ಕಮ್ಮಿ ಕಟ್ಟಿದ್ದನ್ನೂ ತುಂಬಿಕೊಡಬೇಕಾಗುತ್ತೆ."

ಸೊಸೆ ಅಂಗಡಿಯ ಕಡೆ ತಿರುಗಿದಳು. ಮುಂದಿನ ಅಂಗಡಿಯಲ್ಲಿ ಒಂದು ಮೇಜನ್ನು ಖಾಲಿ ಬಿಟ್ಟಿದ್ದರು. ಗಾಜು ಕತ್ತರಿಸಿ ಉಜ್ಜುವ ಯಂತ್ರ ಅಲ್ಲಿಗೆ ಬರಬೇಕಿತ್ತು. ಮುಂಗಡ ಕೊಟ್ಟಾಗಿತ್ತು, ಉಳಿದಿದ್ದನ್ನು ಮರುಪಾವತಿಯಿಂದ ತೀರಿಸುವ ಯೋಚನೆ. ಅವಳ ಗಂಡ ಇಷ್ಟು ದಿನ ಕೈಯಲ್ಲೇ ಗಾಜು ಉಜ್ಜಿದವನು. ಈಗ ಆ ಕೈ ನಡುಗಲು ಶುರುವಾಗಿತ್ತು. ಯಂತ್ರ ಬರದಿದ್ದರೆ ಅಂಗಡಿ ಇಲ್ಲ.

"ಅತ್ತೆಯನ್ನೇ ಕೇಳಿದ್ರಾ?" ಎಂದಳು ಇಣುಕಮ್ಮ.

"ಏನಂತ ಕೇಳಲಿ? ನೀವು ಇಲ್ಲಿ ಮಲಗಿದ್ರೆ ನಮಗೆ ದುಡ್ಡು, ಬೇರೆ ಕಡೆ ಮಲಗ್ತೀರಾ ಅಂತ ಕೇಳೋಕೆ ನಾಲಿಗೆ ಬರುತ್ತಾ ಅಕ್ಕಾ?"

ಇಣುಕಮ್ಮ ಮಂಚದ ಕಡೆ ತಿರುಗಿದಳು. ಇಣುಕಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ; ಚಿಕ್ಕವಳಿದ್ದಾಗ ಕಂಡವರ ಕಿಟಕಿಗಳಲ್ಲೆಲ್ಲ ಇಣುಕುತ್ತಿದ್ದಳೆಂದು ಸೋದರಮಾವ ಇಟ್ಟಿದ್ದು. ಕಾಲೇಜು ಮುಗಿಸಿದಳು, ವಿಮೆ ಕಂಪನಿಯಲ್ಲಿ ತನಿಖೆಯ ಕೆಲಸ ಮಾಡಿದಳು, ಮದುವೆಯಾದಳು, ಒಬ್ಬಳೇ ಆದಳು. ಹೆಸರು ಮಾತ್ರ ಬಿಟ್ಟುಹೋಗಲಿಲ್ಲ.

ಅವಳು ಮಂಚದ ಮೇಲೆ ಬಾಗಿದಳು. ಬಿಳಿಯ ಹಾಸು, ನಾಲ್ಕು ಮೂಲೆಗಳೂ ಲಕೋಟೆಯ ಹಾಗೆ ಮಡಚಿ ಒಳಗೆ ಸೇರಿಸಿದ್ದವು. ಒಂದು ಮೂಲೆಯ ಅಂಚಿನಲ್ಲಿ ಕೆಂಪು ದಾರದ ಪುಟ್ಟ ಹೊಲಿಗೆ.

"ಇದೇನಿದು?"

"ಅತ್ತೆ ಆಸ್ಪತ್ರೆ ಲಾಂಡ್ರಿಯಲ್ಲಿ ಇದ್ದವರಲ್ವಾ. ಅಲ್ಲಿ ಒಂದೊಂದು ವಾರ್ಡಿಗೆ ಒಂದೊಂದು ಬಣ್ಣದ ದಾರ, ಹಾಸು ಅದಲುಬದಲಾಗದ ಹಾಗೆ. ಮನೇಲೂ ಅದೇ ಕಾರುಬಾರು. ಅವರದು ಕೆಂಪು, ನಮ್ಮದು ನೀಲಿ. ನಾನೇನಾದ್ರೂ ಇವರ ಹಾಸು ನಮ್ಮ ಮಂಚಕ್ಕೆ ಹಾಕಿದೆನೋ, ಮುಗೀತು."

ಇಣುಕಮ್ಮ ಬೆರಳ ತುದಿಯಿಂದ ಹಾಸಿನ ನಡುವನ್ನು ಸವರಿದಳು. ಮಡಿಕೆಯ ಗೆರೆಗಳು ಇನ್ನೂ ಹರಿತವಾಗಿದ್ದವು. ಒಬ್ಬರೇ ಮಲಗುವ ಹಾಸು ಎಲ್ಲಿ ಸುಕ್ಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು: ನಡುವೆ ಅಲ್ಲ, ಒಂದು ಪಕ್ಕಕ್ಕೆ. ಇದು ಎಲ್ಲಿಯೂ ಸುಕ್ಕಾಗಿರಲಿಲ್ಲ.

"ಹಾಸು ಬದಲಾಯಿಸಿದ್ದು ಯಾವಾಗ?"

"ವಾರದ ಮೇಲಾಯ್ತು. ನಾನೇ ನೋಡಿದೆ."

"ವಾರದಿಂದ ಇದರ ಮೇಲೆ ಯಾರೂ ಮಲಗಿಲ್ಲ."

ಸೊಸೆ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ದಿನಾ ಬೆಳಿಗ್ಗೆ ಅತ್ತೇನೇ ಅಲ್ವಾ ನಮಗೆ ಟೀ ಮಾಡಿಕೊಡೋದು?"

"ಟೀ ಬೆಳಿಗ್ಗೆ. ರಾತ್ರಿ ನೋಡಿದ್ದೀರಾ?"

"ಸಂಜೆ ಅಂಗಡಿಗೆ ಜನ ಬರೋ ಹೊತ್ತಿಗೆ ಇವರು ಬಾಗಿಲು ಹಾಕ್ಕೊಂಡುಬಿಡ್ತಾರೆ. ನಿದ್ದೆ ಬರ್ತಿದೆ, ಎಬ್ಬಿಸಬೇಡಿ ಅಂತಾರೆ. ಎಬ್ಬಿಸಿದ್ರೆ ಬೈತಾರೆ. ನಾವು ಮಲಗೋದು ಮಹಡಿ ಮೇಲೆ." ಅವಳ ದನಿ ಇಳಿಯುತ್ತ ಬಂತು. "ನಾದಿನಿ ಮನೆಗೇ ಹೋಗ್ತಿರಬೇಕು. ನಾನು ಮೊದಲೇ ಹೇಳಿದೆ, ಅವಳ ಗಂಡಂದೇ ಈ ಕಿತಾಪತಿ ಅಂತ."

"ಅಲ್ಲಿಗೆ ನಿನ್ನೆ ಹೋಗಿದ್ವಿ," ಎಂದರು ಸೋದರಮಾವ. ನಾದಿನಿಯ ಗಂಡ ಕಾರು ಓಡಿಸುವುದನ್ನು ಕಲಿಸುವವನು. "ಆ ಮನೇಲಿ ಖಾಲಿ ಇರೋ ಒಂದೇ ಮಂಚದ ಮೇಲೆ ಹಳೇ ಟೈರು ಪೇರಿಸಿದ್ದಾರೆ. ಅಲ್ಲಿ ಮಲಗಬೇಕಾದ್ರೆ ಅಜ್ಜಿ ಸ್ಕೂಟರ್ ಆಗಿರಬೇಕು. ಈ ವರ್ಷ ಅವರು ಅಜ್ಜಿ ಹೆಸರು ಬರೆದೂ ಇಲ್ಲ. ನನಗೆ ತೆರಿಗೆ ಲೆಕ್ಕದ ಪ್ರತಿ ತೋರಿಸಿದ್ರು."

ಇಣುಕಮ್ಮ ಟ್ರಂಕು ತೆರೆದಳು. ಕೆಂಪು ದಾರದ ಒಂದು ಹಾಸು, ಒಂದು ಶಾಲು, ಅವುಗಳ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆ. ಪತ್ರಿಕೆ ಪೂರ್ತಿ ಹಳದಿಯಾಗಿತ್ತು, ನಡುವಿನ ಒಂದು ಚೌಕ ಬಿಟ್ಟು. ಬಹಳ ಕಾಲ ಅಲ್ಲಿ ಏನೋ ಮಡಚಿ ಇಟ್ಟಿದ್ದು, ಈಗ ಇರಲಿಲ್ಲ.

"ಇಲ್ಲಿ ಏನಿತ್ತು?"

ಸೊಸೆ ಒಳಗೆ ಬಂದು ನೋಡಿದಳು. "ಕಪ್ಪು ದಾರದ ಹಾಸು. ನಮ್ಮ ಮಾವನವರದು. ಆಸ್ಪತ್ರೆಯಲ್ಲಿ ಯಾರಾದ್ರೂ ತೀರಿಕೊಂಡ್ರೆ ಆ ಮಂಚದ ಹಾಸಿನ ಅಂಚಿಗೆ ಕಪ್ಪು ದಾರ ಹಾಕಿ ಬೇರೆ ಇಡ್ತಿದ್ರಂತೆ. ಮಾವನವರ ದೋಣಿ ಮುಳುಗ್ತು ಅಂತ ಸುದ್ದಿ ಬಂತು, ದಡದಿಂದ ಅವರ ಚಪ್ಪಲಿ ತಂದುಕೊಟ್ರು. ಅವತ್ತೇ ಅತ್ತೆ ಅವರ ಹಾಸಿನ ಅಂಚಿಗೆ ಕಪ್ಪು ದಾರ ಹೊಲಿದು ಟ್ರಂಕಿಗೆ ಹಾಕಿದ್ರು. ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ."

ಹೊರಗೆ ಗೇಟಿನ ಸದ್ದಾಯಿತು.

*

"ಕನ್ನಡಕಕ್ಕೆ ಬಂದ್ರಾ?" ಎಂದರು ಅಜ್ಜಿ, ದಾರದ ಪೊಟ್ಟಣ ಕೈಯಲ್ಲಿ ಹಿಡಿದು.

ಅಷ್ಟರಲ್ಲಿ ಸೋದರಮಾವ ಅಂಗಡಿಯ ಕುರ್ಚಿಯಲ್ಲಿ ಕೂತು ಗೋಡೆಯ ಅಕ್ಷರಗಳನ್ನು ಓದುತ್ತಿದ್ದರು. ಮೂರನೆಯ ಸಾಲಿಗೆ ತಡವರಿಸಿದರು.

"ನಾಟಕ ಮಾಡೋಕೆ ಕೂತೆ, ನಿಜಕ್ಕೂ ಕಾಣ್ತಿಲ್ಲ ಪುಟ್ಟಿ," ಎಂದು ಪಿಸುಗುಟ್ಟಿದರು.

ಕನ್ನಡಕದಂಗಡಿಯವನು ಒಂದು ಗಾಜನ್ನು ಬೆಳಕಿಗೆ ಹಿಡಿದ. ಬಾಯಿಯ ಹತ್ತಿರ ತಂದು ಹಾ, ಹಾ ಎಂದು ಚಿಕ್ಕದಾಗಿ ಎರಡು ಸಲ ಉಸಿರು ಬಿಟ್ಟ. ಅಂಗಿಯ ತುದಿಯಲ್ಲಿ ಒರೆಸಿದ.

"ಅಷ್ಟು ಒಳ್ಳೇ ಬಟ್ಟೆ ಮೇಜಿನ ಮೇಲೆ ಇಟ್ಟಿದೀನಿ, ಅಂಗಿಯಲ್ಲೇ ಒರೆಸಬೇಕು ಇವರಿಗೆ," ಎಂದಳು ಸೊಸೆ.

"ನಮ್ಮಪ್ಪನ ಚಾಳಿ. ಕೈಗೆ ಬಂದುಬಿಟ್ಟಿದೆ," ಎಂದ ಅವನು. ಗಾಜು ಅವನ ಬೆರಳುಗಳ ನಡುವೆ ಸಣ್ಣಗೆ ನಡುಗುತ್ತಿತ್ತು. ಅದನ್ನು ಯಾರೂ ನೋಡದ ಹಾಗೆ ಬೇಗ ಕೆಳಗಿಟ್ಟ.

ಅಜ್ಜಿ ಮಗನ ಕೈಯನ್ನೇ ನೋಡಿದರು. ಆಮೇಲೆ ತಮ್ಮ ಕೋಣೆಯ ಕಡೆ ತಿರುಗಿದರು. "ನನಗೆ ನಿದ್ದೆ ಬರ್ತಿದೆ. ರೊಟ್ಟಿ ತಿಂದಾಗಿದೆ. ಎಬ್ಬಿಸಬೇಡಿ."

ಬೀದಿಯ ದೀಪಗಳು ಆಗಷ್ಟೇ ಹತ್ತುತ್ತಿದ್ದವು.

*

ಕಾರಿನಲ್ಲಿ ಸೋದರಮಾವ ಹೊಸ ಕನ್ನಡಕದ ಬೆಲೆ ಲೆಕ್ಕ ಹಾಕುತ್ತ ಗೊಣಗುತ್ತಿದ್ದರು. ಕಾರು ಹಿತ್ತಲ ಓಣಿಯ ತಿರುವಿನಲ್ಲಿ ನಿಂತಿತ್ತು.

"ನಿನ್ನ ತೆರಿಗೆ ಲೆಕ್ಕ ತುಂಬಿದ್ಯಾ?"

"ತುಂಬಬೇಕು."

"ಈ ವರ್ಷ ದಂಪತಿಗಳ ರಿಯಾಯಿತಿ ಖಾನೆ ತೆಗೆದುಹಾಕಿದ್ದಾರೆ. ಬಹಳ ಜನಕ್ಕೆ ಬರೋದು ಕಮ್ಮಿಯಾಗುತ್ತೆ."

"ನನಗೆ ಹೋದ ವರ್ಷವೇ ಕಮ್ಮಿಯಾಯ್ತಲ್ಲ ಮಾವ."

ಅವರು ಸ್ಟೇರಿಂಗಿನ ಮೇಲಿನ ಇಲ್ಲದ ಧೂಳನ್ನು ಒರೆಸಿದರು. ಅವಳು ಹಿತ್ತಲ ಬಾಗಿಲನ್ನೇ ನೋಡುತ್ತಿದ್ದಳು.

ಬಾಗಿಲು ತೆರೆಯಿತು. ಅಜ್ಜಿ ಹೊರಬಂದರು. ಶಾಲು ಹೊದ್ದಿದ್ದರು, ಕೈಯಲ್ಲಿ ಬಟ್ಟೆಯ ಚೀಲ. ನಿದ್ದೆ ಬಂದವರ ನಡಿಗೆಯಲ್ಲ ಅದು.

"ಅಮ್ಮಮ್ಮಾ, ಏನು ಬಿರುಸು," ಎಂದರು ಸೋದರಮಾವ. "ನನ್ನ ಸೊಂಟಕ್ಕೆ ಹೋಲಿಸಿದ್ರೆ ಇವರೇ ನನ್ನ ಆಶ್ರಯದಾತರು."

ಕಾರು ದೀಪ ಹಾಕದೆ ಮೆಲ್ಲಗೆ ಹಿಂಬಾಲಿಸಿತು. ಅಜ್ಜಿ ಚಪ್ಪಲಿ ಹೊಲಿಯುವವನ ಅಂಗಡಿ ದಾಟಿದರು, ಮುಚ್ಚಿದ ಶಾಲೆಯ ಗೋಡೆ ಹಿಡಿದು ಎಡಕ್ಕೆ ಹೊರಳಿದರು, ಹಸಿರು ಬಾಗಿಲಿನ ಇಕ್ಕಟ್ಟಾದ ಮನೆಯೊಂದರ ಮುಂದೆ ನಿಂತರು. ಬಾಗಿಲು ತಟ್ಟಲಿಲ್ಲ. ಚೀಲದಿಂದ ಬೀಗದ ಕೈ ತೆಗೆದು, ತಾವೇ ತೆರೆದು ಒಳಗೆ ಹೋದರು.

ತಮ್ಮದೇ ಮನೆಗೆ ಹೋದ ಹಾಗೆ.

ಇವರಿಬ್ಬರೂ ಕಾರಿನಿಂದಿಳಿದು ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಅದು ಮತ್ತೆ ತೆರೆಯಿತು. ನರ್ಸಿನ ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡ ಮೂವತ್ತರ ಹೆಂಗಸೊಬ್ಬಳು ಕೆಲಸಕ್ಕೆ ಹೊರಟಿದ್ದಳು.

"ಯಾರು ಬೇಕಿತ್ತು?"

"ನೀವೇ. ಹಿರಿಯರ ರಿಯಾಯಿತಿ ವಿಷಯ," ಎಂದಳು ಇಣುಕಮ್ಮ.

"ಇಲಾಖೆಯವರಾ?"

"ಅಲ್ಲ. ಅದೇ ಹೆಸರು ಬರೆದಿರೋ ಇನ್ನೊಂದು ಮನೆಯವರ ಕಡೆಯಿಂದ ಬಂದಿದೀನಿ."

ನರ್ಸ್ ಹುಬ್ಬು ಗಂಟಿಕ್ಕಿದಳು. ಸಿಕ್ಕಿಬಿದ್ದವರ ಮುಖವಲ್ಲ ಅದು, ನಿಜಕ್ಕೂ ಅಚ್ಚರಿಪಟ್ಟವರದು. "ಅವರೂ ಬರೆದಿದ್ದಾರಾ?"

"ನಿಮಗೂ ನೋಟಿಸ್ ಬಂದಿರಬೇಕಲ್ಲ."

"ಏನೇನೋ ಲಕೋಟೆ ಬಂದು ಬಿದ್ದಿವೆ. ರಾತ್ರಿ ಪಾಳಿಯವರಿಗೆ ಅದನ್ನೆಲ್ಲ ಓದೋ ಪುರುಸೊತ್ತೆಲ್ಲಿ?"

"ನೀವು ಸುಳ್ಳು ಬರೆದಿದ್ದೀರಿ ಅಂತ ಅವರು ಹೇಳ್ತಾರೆ."

"ಸುಳ್ಳಾ?" ನರ್ಸ್ ಹೊಸ್ತಿಲಲ್ಲೇ ಚೀಲ ಕೆಳಗಿಟ್ಟಳು. "ನೋಡಿ, ಅಲ್ಲಿ ಕೇಳಿದ್ದು ಒಂದೇ, ರಾತ್ರಿ ಎಲ್ಲಿ ಮಲಗ್ತಾರೆ ಅಂತ. ಇಲ್ಲೇ ಮಲಗ್ತಾರೆ. ಹೋದ ಚಳಿಗಾಲದಿಂದ ಒಂದು ರಾತ್ರಿ ತಪ್ಪಿಲ್ಲ. ಅವರ ಊಟ, ಔಷಧಿ ನಾನೇ ನೋಡ್ಕೊಳ್ತೀನಿ. ಇಲ್ಲಿ ಯಾರು ಸುಳ್ಳು ಬರೆದ ಹಾಗಾಯ್ತು?"

"ಅವರಿಗೂ ನಿಮಗೂ ಏನು ಸಂಬಂಧ?"

"ನಾನು ಆಸ್ಪತ್ರೆಗೆ ಹೊಸದಾಗಿ ಸೇರಿದಾಗ ಇವರು ಲಾಂಡ್ರಿಯಲ್ಲಿದ್ರು. ನನ್ನ ಕಣ್ಣೀರು ಒರೆಸಿದ ಟವೆಲ್ ಎಲ್ಲ ಇವರೇ ಒಗೆದಿದ್ದು. ಅಮ್ಮ ಅಂತೀನಿ. ಅಷ್ಟು ಸಾಲದಾ?"

ಇಣುಕಮ್ಮ ಹಿಂತಿರುಗಿ ನೋಡಿದಳು. ಸೋದರಮಾವ ತಲೆ ತುರಿಸಿಕೊಂಡರು.

"ಸಾಕು ಪುಟ್ಟಿ. ಈ ವರ್ಷದಿಂದ ಕಾನೂನು ಸಂಬಂಧ ಕೇಳಲ್ಲ. ರಾತ್ರಿ ಮಾತ್ರ ಕೇಳುತ್ತೆ."

ಅಂದರೆ ಕನ್ನಡಕದಂಗಡಿಯ ಮನೆ ಸೋತ ಹಾಗೆ. ಮರುಪಾವತಿ ಇಲ್ಲ; ಕಡಿಮೆ ಕಟ್ಟಿದ್ದು ಬಾಕಿ, ಅದರ ಮೇಲೆ ದಂಡ. ಖಾಲಿ ಮೇಜು ಖಾಲಿಯೇ. ನಿಜ ಹುಡುಕಿಕೊಡಿ ಎಂದು ಇಣುಕಮ್ಮನನ್ನು ಗೊತ್ತುಮಾಡಿದ್ದು ಆ ಸೊಸೆಯೇ.

"ನಾನೇನೂ ದುರಾಸೆಗೆ ಬರೆದಿದ್ದಲ್ಲ," ಎಂದಳು ನರ್ಸ್. "ಇರೋದು ಬರೆದೆ. ಒಬ್ಬರ ಹೆಸರು ತಾನೇ ಬರೆದಿರೋದು? ಇನ್ನೊಬ್ಬರದು ಬರೆಯೋಕೂ ಆಗಲ್ಲ."

ಮಾತು ಹೊರಬಿದ್ದ ಮೇಲೆ ಅವಳ ಕೈ ತಾನಾಗಿಯೇ ಬಾಯಿಗೆ ಹೋಯಿತು.

"ಇನ್ನೊಬ್ಬರು ಅಂದ್ರೆ?" ಎಂದಳು ಇಣುಕಮ್ಮ.

"ನನಗೆ ಪಾಳಿಗೆ ಹೊತ್ತಾಯ್ತು."

"ಇನ್ನೊಬ್ಬರು ಯಾರು?"

"ಅಮ್ಮಾ," ಎಂದು ನರ್ಸ್ ಒಳಗೆ ಕೂಗಿದಳು. ಚೀಲ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ನಡೆದೇಬಿಟ್ಟಳು.

ಅಜ್ಜಿ ಅಡುಗೆಮನೆಯಿಂದ ಬಂದರು, ಕೈಯಲ್ಲಿ ಸೌಟು. ಇಬ್ಬರನ್ನೂ ನೋಡಿದರು. ಗಾಬರಿಯಾಗಲಿಲ್ಲ.

"ಕನ್ನಡಕ ಇಷ್ಟು ಬೇಗ ಬಂತಾ?" ಎಂದರು ಸೋದರಮಾವನಿಗೆ. "ಮೂರನೇ ಸಾಲು ಓದೋಕಾಗಲಿಲ್ಲ, ನನ್ನ ಹಿಂದೆ ಬೀದಿ ತಪ್ಪದೆ ಬಂದುಬಿಟ್ರಲ್ಲ."

"ನೋಡಿದ್ದು ಪುಟ್ಟಿ ಕಣ್ಣು ಅಮ್ಮಾ," ಎಂದರು ಅವರು ಪೆಚ್ಚಾಗಿ.

"ನನ್ನ ಮಗ ಕಳಿಸಿದ್ನಾ?"

"ಸೊಸೆ," ಎಂದಳು ಇಣುಕಮ್ಮ. ಸುತ್ತಿಬಳಸದೆ ಎಲ್ಲವನ್ನೂ ಹೇಳಿದಳು: ಹೊಸ ಕಾನೂನು, ನಿಂತುಹೋದ ಮರುಪಾವತಿ, ಯಂತ್ರ, ನಡುಗುವ ಕೈ.

ಅಜ್ಜಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು. ಸೌಟಿನಿಂದ ಒಂದು ಹನಿ ಸಾರು ನೆಲಕ್ಕೆ ಬಿತ್ತು. ತಕ್ಷಣ ಶಾಲಿನ ಅಂಚಿನಿಂದ ಒರೆಸಿದರು.

"ಎರಡು ಮನೆಯವರೂ ನಾನು ಎಲ್ಲಿ ಮಲಗ್ತೀನಿ ಅಂತ ಬರೆದುಕೊಟ್ರು. ಒಬ್ರಾದ್ರೂ ನನ್ನನ್ನ ಒಂದು ಮಾತು ಕೇಳಿದ್ರಾ?"

"ಕೇಳಿದ್ರೆ ಹೇಳ್ತಿದ್ರಾ ಅಜ್ಜಿ?"

ಅಜ್ಜಿ ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದರು.

"ನಾಳೆಯಿಂದ ಅಲ್ಲೇ ಮಲಗಬಹುದಲ್ಲ," ಎಂದರು ಸೋದರಮಾವ ಮೆಲ್ಲಗೆ. "ಈ ವರ್ಷದ್ದು ಹೋದ್ರೂ ಮುಂದಿನ ವರ್ಷಕ್ಕೆ ಆ ಮನೆ ಉಳಿಯುತ್ತೆ."

"ಆಗಲ್ಲ."

"ಯಾಕೆ?"

"ಆಗಲ್ಲ ಅಂದ್ನಲ್ಲ. ಅವನ ಕೈ ನಡುಗೋದು ನನಗೆ ಕಾಣಲ್ವಾ? ಹೆತ್ತವಳು ನಾನು. ಆದ್ರೂ ಆಗಲ್ಲ."

ಇಣುಕಮ್ಮ ಅವರ ಭುಜದ ಆಚೆಗೆ ನೋಡಿದಳು. ಕಿರಿದಾದ ಹಜಾರ. ಮೇಜಿನ ಮೇಲೆ ಎರಡು ತಟ್ಟೆ, ಎರಡು ಲೋಟ. ನರ್ಸ್ ಕೆಲಸಕ್ಕೆ ಹೋಗಿಯಾಗಿತ್ತು. ಹಜಾರದ ಕೊನೆಯಲ್ಲಿ ಅರ್ಧ ಸರಿದ ಪರದೆ, ಅದರ ಹಿಂದೆ ಮಂಚವೊಂದರ ಕಾಲು, ಮಂಚದಿಂದ ಇಳಿಬಿದ್ದ ಬಿಳಿಯ ಹಾಸಿನ ಒಂದು ಮೂಲೆ.

ಆ ಮೂಲೆಯನ್ನು ಲಕೋಟೆಯ ಹಾಗೆ ಮಡಚಿರಲಿಲ್ಲ. ಯಾರೋ ಮಲಗಿ ಎದ್ದ ಹಾಗೆ ಮುದುಡಿತ್ತು. ಅಂಚಿನಲ್ಲಿ ಪುಟ್ಟದೊಂದು ಹೊಲಿಗೆ.

ಕೆಂಪಲ್ಲ.

ಅವಳ ಜೇಬಿನಲ್ಲಿ ಫೋನು ಅದುರಿತು. ಸೊಸೆಯ ಸಂದೇಶ: ಯಂತ್ರದವರು ನಾಳೆಯೇ ಉತ್ತರ ಕೇಳ್ತಿದ್ದಾರೆ ಅಕ್ಕಾ, ಯಾರು ಅಂತ ಗೊತ್ತಾಯ್ತಾ?

ಅವಳು ಫೋನನ್ನು ಹಾಗೆಯೇ ಜೇಬಿಗೆ ಹಾಕಿದಳು. ಟ್ರಂಕಿನ ತಳದಲ್ಲಿದ್ದ ಹಳದಿಯಾಗದ ಚೌಕ ನೆನಪಾಯಿತು. ದಡದಿಂದ ತಂದುಕೊಟ್ಟ ಚಪ್ಪಲಿ ನೆನಪಾಯಿತು. ಚಪ್ಪಲಿ ಎಂದಿದ್ದಳು ಸೊಸೆ. ಹೆಣ ಸಿಕ್ಕಿತು ಎಂದಿರಲಿಲ್ಲ.

"ಕಪ್ಪು ದಾರದ ಹಾಸನ್ನ ಯಾರೂ ಮುಟ್ಟಬಾರದು ಅಂತಿದ್ರಂತೆ," ಎಂದಳು ನಿಧಾನವಾಗಿ.

ಅಜ್ಜಿ ಎದ್ದು ನಿಂತರು. ಪರದೆಗೆ ಅಡ್ಡವಾಗಿ ಬರುವ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಸೌಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಒಗೆದ ಮೇಲೆ ಎಲ್ಲ ಹಾಸೂ ಒಂದೇ. ಹೊರಡಿ ಇನ್ನು. ಸಾರು ಆರಿಹೋಗುತ್ತೆ."

ಸೋದರಮಾವ ಅವಳ ತೋಳು ಮುಟ್ಟಿದರು. ಇಬ್ಬರೂ ತಿರುಗಿದರು. ಇಣುಕಮ್ಮ ಒಂದು ಕಾಲನ್ನು ಹೊಸ್ತಿಲಿನಾಚೆ ಇಟ್ಟಿದ್ದಳು.

ಆಗ ಪರದೆಯ ಹಿಂದಿನಿಂದ ಕೇಳಿಸಿತು. ಕೆಮ್ಮಲ್ಲ, ಮಾತಲ್ಲ. ಹಾ, ಹಾ ಎಂದು ಚಿಕ್ಕದಾಗಿ ಎರಡು ಉಸಿರು. ಅದರ ಬೆನ್ನಿಗೇ ಗಾಜಿನ ಮೇಲೆ ಬಟ್ಟೆ ಉಜ್ಜುವ ಸಣ್ಣ ಸದ್ದು.

ಸೋದರಮಾವ ನಿಂತಲ್ಲೇ ನಿಂತರು. ಇಣುಕಮ್ಮ ಹಿಂತಿರುಗಿ ಅಜ್ಜಿಯ ಮುಖ ನೋಡಿದಳು.

"ಒಳಗೆ ಯಾರೂ ಇಲ್ಲ," ಎಂದರು ಅಜ್ಜಿ.

ಯಾರೂ ಕೇಳಿರಲಿಲ್ಲ.